ದಯವಿಟ್ಟು ಉಗುಳಬೇಡಿ

ಗ್ರಿಮ್ಸ್‌ಬಿ
೫ ಫೆಬ್ರವರಿ ೧೯೭೮

ಪ್ರೀತಿಯ ಲೊರೇನ್,

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ಬರೆಯಲು ಕೂರುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. "ಆ ಕುರ್ಚೀಲಿ ಮೊಳೆ ಎದ್ದಿದ್ಯಾ ಏನು?" ಎಂದು ನಿನ್ನ ದೊಡ್ಡಮ್ಮ ಕೇಳಿದಳು. ಮೊಳೆ ಕುರ್ಚಿಯಲ್ಲಿಲ್ಲ. ಐಸ್‌ಲ್ಯಾಂಡಿನವರು ತಮ್ಮ ಸಮುದ್ರದಲ್ಲಿ ನಾವು ಮೀನು ಹಿಡಿಯಬಾರದೆಂದು ಬಾಗಿಲು ಹಾಕಿದ ಮೇಲೆ ನಮ್ಮ ದೋಣಿಗಳು ಬಂದರಿನಲ್ಲೇ ತುಕ್ಕು ಹಿಡಿಯುತ್ತ ನಿಂತಿವೆ. ಮೀನು ಸೀಳುವ ಕೆಲಸ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಮನುಷ್ಯ ಎಷ್ಟು ಸಲ ಅಂತ ಚಹಾ ಕುಡಿದಾನು?

ಶನಿವಾರ ಕ್ಲಬ್ಬಿನಲ್ಲಿ ನಮ್ಮ ಹಂಬರ್‌ಟೋನ್ಸ್ ಬ್ಯಾಂಡಿನವರು ಎಂದಿನಂತೆ ನುಡಿಸಿದೆವು. ಕಾರ್ಯಕ್ರಮದ ಸೆಕ್ರೆಟರಿ ಡೌಸ್ ಈ ಸಲವೂ ಅದೇ ಹಾಡು ಹೇಳಿದ. "ಇಷ್ಟು ವರ್ಷ ಆಯ್ತಲ್ಲಯ್ಯಾ ಸಿರಿಲ್, ನಿಮ್ಮ ಹಾಡೋನು ಇನ್ನೂ ಬಂದಿಲ್ವಾ? ಬಸ್ಸೇನಾದ್ರೂ ತಪ್ಪಿಸ್ಕೊಂಡ್ನಾ?" ನಮ್ಮ ಆರ್ಗನ್ ನುಡಿಸುವ ಆರ್ನಲ್ಡ್, "ಬಂದಿದ್ದ. ನಿನ್ನ ಮುಖ ನೋಡಿ ವಾಪಸ್ ಹೋದ" ಎಂದ. ಬಾಯಿ ಬಿಡದೆ ಬರೀ ತಂತಿಯಲ್ಲಿ ಕಥೆ ಹೇಳುವುದು ಎಂದರೆ ಏನು ಎಂದು ಆ ಮನುಷ್ಯನಿಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ. ಸಮುದ್ರದ ಹಾಡಿನಲ್ಲಿ ಅಲೆ ಎದ್ದು ಇನ್ನೇನು ಮುರಿಯಬೇಕು, ಅಷ್ಟರಲ್ಲಿ ಮೈಕು ಕಿತ್ತುಕೊಂಡ. "ಪೈ ಬಂದಿದೆ! ಬಿಸಿ ಬಿಸಿ ಮಾಂಸದ ಪೈ! ಬಟಾಣಿ ಬೇಕಾದೋರು ಎಡಗಡೆ ಸಾಲು!" ಪೈ ಬಂದರೆ ನಿಲ್ಲಿಸಬೇಕು, ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೆ ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳಬೇಕು. ನಿನಗೆ ಗೊತ್ತೇ ಇದೆ.

ಒಂದು ಸುದ್ದಿ. ನದಿಯಾಚೆಯ ಹಲ್ ಪಟ್ಟಣದಲ್ಲಿ ಕಾರ್ಪೆಟ್ ಅಂಗಡಿಯ ಮೇಲೆ ರೆಕಾರ್ಡ್ ಮಾಡುವವನೊಬ್ಬನಿದ್ದಾನೆ. ನಮ್ಮದೊಂದು ಸಣ್ಣ ರೆಕಾರ್ಡು ಮಾಡುತ್ತಾನಂತೆ. ಒಂದು ಬದಿಗೆ ಸಮುದ್ರದ ಹಾಡು. ಇನ್ನೊಂದು ಬದಿಗೆ ಇನ್ನೂ ಏನೂ ಇಲ್ಲ. ನಿಮ್ಮ ಆ ಪಂಕ್ ಸಂಗೀತವನ್ನು ಹೇಗೆ ನುಡಿಸುತ್ತೀರಿ, ವಿವರವಾಗಿ ಬರಿ. ಸುಮ್ಮನೆ ತಿಳಿದುಕೊಳ್ಳೋಣ ಅಂತ, ಅಷ್ಟೇ.

ನಿಮ್ಮಂಥ ಗಿಟಾರ್ ಬ್ಯಾಂಡಿಗೆ ಯಾರಾದರೂ ಪಾತ್ರೆ ಒರೆಸುವ ಬಟ್ಟೆಯ ಹೆಸರಿಡುತ್ತಾರೆಯೇ? ಡಿಶ್‌ಕ್ಲಾತ್ಸ್! ನಿನ್ನ ದೊಡ್ಡಮ್ಮನಿಗೆ ಮಾತ್ರ ಬಹಳ ಹಿಡಿಸಿತು.

ನಿನ್ನ ದೊಡ್ಡಪ್ಪ,
ಸಿರಿಲ್


ಡೆಪ್ಟ್‌ಫೋರ್ಡ್, ಲಂಡನ್
೧೯ ಫೆಬ್ರವರಿ ೧೯೭೮

ದೊಡ್ಡಪ್ಪ,

ಕೇಳಿದೆಯಲ್ಲ, ತಗೋ. ಮೂರೇ ಹಿಡಿತ. ಕೆಲವು ಹಾಡಿಗೆ ತಂತಿಗಳ ಮೇಲೆ ಎರಡು ಕಡೆ ಬೆರಳಿಟ್ಟರೆ ಮುಗಿಯಿತು. ಯಾರಾದರೂ ನಾಲ್ಕರವರೆಗೆ ಎಣಿಸುತ್ತಾರೆ, ಎಲ್ಲರೂ ಒಟ್ಟಿಗೆ ಓಡುತ್ತೇವೆ, ಮೊದಲು ಮುಗಿಸಿದವರು ಉಳಿದವರಿಗಾಗಿ ಕಾಯುತ್ತಾರೆ. ಜನಕ್ಕೆ ಖುಷಿಯಾದರೆ ಉಗುಳುತ್ತಾರೆ. ಕಳೆದ ವಾರ ಬಹಳ ಖುಷಿಯಾಗಿತ್ತು, ನನ್ನ ಕೋಟು ಇನ್ನೂ ಒಣಗಿಲ್ಲ. ನಮ್ಮ ಹಾಡುಗಾರ ತನ್ನನ್ನು ಕೀವು ಎಂದು ಕರೆದುಕೊಳ್ಳುತ್ತಾನೆ. ನಿಜವಾದ ಹೆಸರು ಜೂಲಿಯನ್, ಅಪ್ಪ ಹಲ್ಲಿನ ಡಾಕ್ಟರು. ಅದನ್ನು ಹೇಳಿದರೆ ಕೊಂದೇಬಿಡುತ್ತಾನೆ. ಡ್ರಮ್ ಹೊಡೆಯುವವಳು ಬೆವ್. ಅವಳ ಬಗ್ಗೆ ಹೇಳುವುದು ಏನೂ ಇಲ್ಲ, ಒಳ್ಳೆಯವಳು.

ಒಂದು ಮಾತು. ಇಲ್ಲಿ ಯಾರಿಗೂ ಚೆನ್ನಾಗಿ ನುಡಿಸಲು ಬರುವುದಿಲ್ಲ. ಬಂದರೂ ಹೇಳಿಕೊಳ್ಳುವ ಹಾಗಿಲ್ಲ. ನಾನೂ ಹೇಳಿಕೊಂಡಿಲ್ಲ. ನಿನ್ನ ಹತ್ತಿರ ಕಲಿತದ್ದು, ಸ್ಪರ್ಧೆಯಲ್ಲಿ ಕಪ್ ಗೆದ್ದದ್ದು, ಅದೆಲ್ಲ ಇಲ್ಲಿ ಯಾರಿಗೂ ಗೊತ್ತಿಲ್ಲ. ಊರು ಬಿಟ್ಟ ಮೇಲೆ ನನ್ನದು ಅಂತ ಸಿಕ್ಕಿದ್ದು ಈ ಬ್ಯಾಂಡ್ ಒಂದೇ, ದೊಡ್ಡಪ್ಪ. ಇದು ನನಗೆ ಬೇಕು.

ಈ ಮನೆಗೆ ಫೋನಿಲ್ಲ. ಅವಸರವಿದ್ದರೆ ಬೀದಿ ಮೂಲೆಯ ಪಬ್‌ಗೆ ಮಾಡು, ನಂಬರ್ ಹಿಂದುಗಡೆ ಬರೆದಿದ್ದೇನೆ.

ಲೊರೇನ್


ಗ್ರಿಮ್ಸ್‌ಬಿ
೧೨ ಮಾರ್ಚ್ ೧೯೭೮

ಪ್ರೀತಿಯ ಲೊರೇನ್,

ಆಯಿತು! ರೆಕಾರ್ಡು ಮುಗಿಯಿತು! ನ್ಯೂ ಹಾಲೆಂಡ್ ದಕ್ಕೆಯಿಂದ ಫೆರಿ ಹತ್ತಿ ನದಿ ದಾಟಿದೆವು. ಗಾಳಿ ಎಂಥದು ಅಂತೀಯ, ಆರ್ನಲ್ಡನ ಟೋಪಿ ನಮಗಿಂತ ಮೊದಲೇ ಹಲ್ ತಲುಪಿತು.

ಸಮುದ್ರದ ಹಾಡು ಮೊದಲು ಮಾಡಿದೆವು. ಅದರ ರಾಗವನ್ನು ಈ ಸಲ ಆರ್ನಲ್ಡನ ಆರ್ಗನ್ನಿಗೇ ಬಿಟ್ಟುಕೊಟ್ಟೆ. ಬಹಳ ವರ್ಷದಿಂದ ಆಸೆಪಡುತ್ತಿದ್ದ, ಪಾಪ. ಆಮೇಲೆ ಇನ್ನೊಂದು ಬದಿ. ನಿನ್ನ ಪತ್ರವನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಓದಿ ಹೇಳಿದೆ. "ಮೊದಲು ಮುಗಿಸಿದವರು ಕಾಯುತ್ತಾರೆ" ಎಂಬಲ್ಲಿ ಆರ್ನಲ್ಡ್ ನಕ್ಕು ನಕ್ಕು ಕಾರ್ಪೆಟ್ ಸುರುಳಿಯ ಮೇಲೆ ಬಿದ್ದ.

ನಮ್ಮ ಪಂಕ್ ಹೀಗಿದೆ. ನಾನು ನಾಲ್ಕರವರೆಗೆ ಅರಚಿ ಎಣಿಸುತ್ತೇನೆ. ಮೂರು ಹಿಡಿತ, ಬೆನ್ನಟ್ಟಿ ಬಂದವರ ಹಾಗೆ ಓಟ. ಹಾಡುವವನು ನಮ್ಮಲ್ಲಿ ಇಲ್ಲವಲ್ಲ, ಅವನು ಕೂಗುವ ಜಾಗದಲ್ಲೆಲ್ಲ ನನ್ನ ಗಿಟಾರೇ ಬಯ್ಯುತ್ತದೆ. ಪ್ರತಿ ಸಾಲು ಮುಗಿದಾಗ ಆರ್ನಲ್ಡ್ ಒದ್ದೆ ಬಟ್ಟೆಯನ್ನು ತಗಡಿನ ಬಕೆಟ್ಟಿಗೆ ಪಚಕ್ ಎಂದು ಎಸೆಯುತ್ತಾನೆ. ನಡುವೆ ಇದ್ದಕ್ಕಿದ್ದಂತೆ ಎಲ್ಲ ನಿಲ್ಲುತ್ತದೆ. ಜೊತೆಗೆ ಕರೆದೊಯ್ದಿದ್ದ ಡೌಸನ ದನಿ: "ಪೈ ಬಂದಿದೆ!" ಚಮಚದ ಸದ್ದು, ಒಬ್ಬರ ಕೆಮ್ಮು. ಮತ್ತೆ ಬಿಟ್ಟ ಜಾಗದಿಂದಲೇ ಓಟ. ಹೆಸರು "ದಯವಿಟ್ಟು ಉಗುಳಬೇಡಿ". ಕ್ಲಬ್ಬಿನ ಗೋಡೆಯ ಮೇಲಿನ ಬೋರ್ಡಿನಿಂದ ಎತ್ತಿಕೊಂಡದ್ದು.

ಒಂದು ಕಷ್ಟವಾಯಿತು, ಕೇಳು. ಕೆಟ್ಟದಾಗಿ ಕೇಳಿಸಬೇಕೆಂದು ತಂತಿ ಸಡಿಲ ಬಿಟ್ಟೆ. ಎಣಿಸುವುದರೊಳಗೆ ಈ ಎಡಗೈ ತಾನಾಗಿ ಹೋಗಿ ಶ್ರುತಿ ಮಾಡಿಬಿಡುತ್ತಿತ್ತು. ಕೊನೆಗೆ ರೆಕಾರ್ಡಿನವನು, "ಸ್ವಾಮಿ, ಹಾಗೇ ಬಿಡಿ. ಶ್ರುತಿ ಸೇರಿದ ಪಂಕ್ ಅಂತ ಒಂದಾದ್ರೂ ಇರ್ಲಿ ದೇಶದಲ್ಲಿ" ಎಂದ.

ರೆಕಾರ್ಡಿನ ಮೇಲೆ ನಿನಗಾಗಿ ಒಂದು ವಿಷಯ ಅಚ್ಚು ಹಾಕಿಸಿದ್ದೇನೆ. ಈಗ ಹೇಳುವುದಿಲ್ಲ. ನಿನ್ನ ಸಂಕೋಚ ನನಗೆ ಗೊತ್ತಿಲ್ಲವೇ? ನೀನು ಹೇಳಿಕೊಳ್ಳದಿದ್ದರೆ ನಾವಿರುವುದು ಯಾಕೆ?

ನಾನು ಚೆನ್ನಾಗಿದ್ದೇನೆ. ಎಲ್ಲ ಚೆನ್ನಾಗಿದೆ.

ದೊಡ್ಡಪ್ಪ


ಗ್ರಿಮ್ಸ್‌ಬಿ
೯ ಏಪ್ರಿಲ್ ೧೯೭೮

ಪ್ರೀತಿಯ ಲೊರೇನ್,

ಪಾರ್ಸೆಲ್ ತಲುಪಿತೇ? ಬ್ಯಾಂಡಿನ ಒಬ್ಬೊಬ್ಬರಿಗೂ ಒಂದೊಂದು ಕಳಿಸಿದ್ದೇನೆ. ಆ ಕೀವಿನವನಿಗೂ ಇದೆ.

ನಡುವೆ ಇಲ್ಲೊಂದು ತಮಾಷೆ. ರೇಡಿಯೋದವರು ಸಮುದ್ರದ ಬದಿ ಬಿಟ್ಟು ತಮಾಷೆಯ ಬದಿಯನ್ನೇ ಹಾಕಿದರು. ಒಂದು ಸಲವಲ್ಲ, ವಾರವಿಡೀ. ಮೀನು ಮಾರುಕಟ್ಟೆಗೆ ಹೋದರೆ ಅಚ್ಚುಕಟ್ಟಾದ ಹುಡುಗಿಯರು "ಪಚಕ್!" ಎನ್ನುತ್ತಾರೆ. ಡೌಸನಂತೂ ನೆಲದ ಮೇಲಿಲ್ಲ. "ರೆಕಾರ್ಡಲ್ಲಿ ಮಾತಾಡಿರೋನು ನಾನೊಬ್ನೇ ಕಣಯ್ಯ. ಅಂದ್ರೆ ನಿಮ್ಮ ಹಾಡೋನು ನಾನೇ ಅಂತಾಯ್ತು!"

ನಿನ್ನಿಂದ ಕಾಗದ ಬಂದಿಲ್ಲ. ಕಾರ್ಯಕ್ರಮ, ಅಭ್ಯಾಸ ಅಂತ ಓಡಾಡುತ್ತಿರಬೇಕು. ಪೋಸ್ಟಿನವನು ಬರುವ ಹೊತ್ತಿಗೆ ಬಾಗಿಲ ಹತ್ತಿರ ನಿಂತಿರುತ್ತೇನೆ. ಅವನು ದೂರದಿಂದಲೇ ಇಲ್ಲವೆಂದು ತಲೆಯಾಡಿಸುತ್ತಾನೆ. ಅವನಿಗೇ ನನ್ನ ಮೇಲೆ ಕನಿಕರ ಬಂದಂತಿದೆ.

ಎರಡು ಸಾಲು ಬರಿ.

ದೊಡ್ಡಪ್ಪ


ಗ್ರಿಮ್ಸ್‌ಬಿ
೨೩ ಏಪ್ರಿಲ್ ೧೯೭೮

ಲೊರೇನ್,

ನಿನ್ನೆ ಪಬ್‌ಗೆ ಫೋನ್ ಮಾಡಿದೆ. ಎತ್ತಿದವನು ನಿಮ್ಮ ಬ್ಯಾಂಡಿನವನೇ. ನಿನ್ನ ಹೆಸರು ಹೇಳಿದ್ದೇ ತಡ, "ಓ, ಕಪ್ ರಾಣಿಯವರಾ? ಈಗಲೇ ಕರೀಬೇಕಾ, ಇಲ್ಲ ಮೊದಲು ರತ್ನಗಂಬಳಿ ಹಾಸ್ಬೇಕಾ?" ಎಂದ. ಹಿಂದೆ ಎಲ್ಲರೂ ನಗುತ್ತಿದ್ದರು. ನೀನು ಅಲ್ಲಿರಲಿಲ್ಲವಂತೆ. ಇರಲಿ. ನಿನ್ನ ಯೋಗ್ಯತೆ ಅವರಿಗೆ ತಿಳಿಯಿತಲ್ಲ! ನನಗೆಷ್ಟು ಸಮಾಧಾನವಾಯಿತೆಂದರೆ, ಫೋನ್ ಇಟ್ಟ ಮೇಲೆ ನಿನ್ನ ದೊಡ್ಡಮ್ಮ ಎನಿಡ್‌ಳನ್ನು ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿಸಿದೆ.

ಆದರೂ ನೀನು ಬರೆಯದಿರುವುದು ಯಾಕೋ ಸರಿಯಿಲ್ಲ.

ದೊಡ್ಡಪ್ಪ


ಡೆಪ್ಟ್‌ಫೋರ್ಡ್
೨೯ ಏಪ್ರಿಲ್ ೧೯೭೮

ದೊಡ್ಡಪ್ಪನವರಿಗೆ,

ನಿಮ್ಮ ಪಾರ್ಸೆಲ್ ತಲುಪಿದೆ. ಅದನ್ನು ಒಡೆದವಳು ನಾನಲ್ಲ, ಜೂಲಿಯನ್. ರೆಕಾರ್ಡಿನ ಮೇಲೆ ನೀವು ಅಚ್ಚು ಹಾಕಿಸಿದ್ದನ್ನು ಮೇಜಿನ ಮೇಲೆ ಹತ್ತಿ ನಿಂತು ಎಲ್ಲರಿಗೂ ಓದಿದ. "ಈ ರೆಕಾರ್ಡು ನನ್ನ ತಮ್ಮನ ಮಗಳು, ಡಿಶ್‌ಕ್ಲಾತ್ಸ್ ಬ್ಯಾಂಡಿನ ಲೊರೇನ್ ಮಂಬಿಗೆ ಅರ್ಪಣೆ. ಹನ್ನೊಂದರ ವಯಸ್ಸಿನಲ್ಲಿ ಕ್ಲೀಥೋರ್ಪ್ಸ್ ಸ್ಪರ್ಧೆಯಲ್ಲಿ ಗಿಟಾರ್ ನುಡಿಸಿ ಕಪ್ ಗೆದ್ದವಳು."

ಹೋದ ಬೇಸಿಗೆಯಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಗಿಟಾರ್ ಕೊಂಡು, ನೋಡಿ ನೋಡಿ ಮೂರು ಹಿಡಿತ ಕಲಿತೆ ಎಂದು ಇವರಿಗೆ ಹೇಳಿದ್ದೆ. ಇವರಿಗೆ ಬೇಕಾಗಿದ್ದವಳು ಆ ಹುಡುಗಿ. ಈಗ ನಾನು ಬಾಗಿಲು ತೆಗೆದರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಅಭ್ಯಾಸದಲ್ಲಿ ಬೆರಳು ಸ್ವಲ್ಪ ಜಾರಿದರೆ "ನಾಟ್ಕ ಮಾಡ್ಬೇಡ ಕಣೇ, ನಿಂಗೆ ಬರುತ್ತೆ" ಎನ್ನುತ್ತಾನೆ ಜೂಲಿಯನ್. ಸರಿಯಾಗಿ ನುಡಿಸಿದರೆ "ಓಹೋ, ಮೇಷ್ಟ್ರು ಬಂದ್ರು" ಎನ್ನುತ್ತಾನೆ. ಹೇಗೆ ನುಡಿಸಿದರೂ ತಪ್ಪೇ. ೧೨ನೇ ತಾರೀಕು, ಶುಕ್ರವಾರ, ನಮ್ಮ ಕಾರ್ಯಕ್ರಮವಿದೆ. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ, ಅದು ಮುಗಿದ ಮೇಲೆ ಹೇಳುತ್ತಾರಂತೆ.

ಯಾರಿಗೂ ಗೊತ್ತಿಲ್ಲ ಎಂದು ನಿಮಗೆ ಬರೆದಿದ್ದೆ. ಈ ಬ್ಯಾಂಡ್ ನನಗೆ ಬೇಕು ಎಂದೂ ಬರೆದಿದ್ದೆ. ಅದಕ್ಕಿಂತ ಬಿಡಿಸಿ ಹೇಗೆ ಬರೆಯಲಿ?

ಇನ್ನೂ ಉರಿಯುವುದು ಏನು ಗೊತ್ತೇ? ನಿಮ್ಮ ರೆಕಾರ್ಡು ಇವರಿಗೆಲ್ಲ ಪ್ರಾಣ. ಬೆವ್ ದಿನಾ ಹಾಕುತ್ತಾಳೆ. ಬಕೆಟ್ಟಿನ ಸದ್ದು ಬಂದಾಗ ಜೂಲಿಯನ್ ನೆಲದ ಮೇಲೆ ಹೊರಳುತ್ತಾನೆ. "ಈ ಮುದುಕ ನಮ್ಮೋನು" ಎನ್ನುತ್ತಾನೆ. ನಮ್ಮನ್ನು ಆಡಿಕೊಂಡ ನೀವು ಅವರ ಕಡೆಯವರು. ಮಳೆಯಲ್ಲಿ ಆಂಪ್ಲಿಫೈಯರ್ ಹೊತ್ತು ತಿರುಗಿದ ನಾನು ಹೊರಗಿನವಳು.

ನಿಮಗೆ ಎರಡು ಗಟ್ಟಿ ಕೈ ಇವೆ, ಊರು ತುಂಬ ಹೆಸರಿದೆ, ಕಳೆದುಕೊಳ್ಳುವುದು ಏನೂ ಇಲ್ಲ. ನಿಮಗೆ ತಮಾಷೆ ಸುಲಭ.

ಫೋನ್ ಮಾಡಬೇಡಿ.

ಲೊರೇನ್


ಗ್ರಿಮ್ಸ್‌ಬಿ
೨ ಮೇ ೧೯೭೮

ಲೊರೇನ್,

ನಿನ್ನ ಪತ್ರವನ್ನು ಬಂದರಿನಲ್ಲಿ ನಿಂತು ಓದಿದೆ. ಎನಿಡ್‌ಗೆ ತೋರಿಸಿಲ್ಲ. "ಏನಂತೆ ಹುಡುಗಿ?" ಎಂದಳು. ಚೆನ್ನಾಗಿದ್ದಾಳಂತೆ ಎಂದೆ. ಅವಳು ನಂಬಲಿಲ್ಲ, ಎರಡನೇ ಸಲ ಕೇಳಲೂ ಇಲ್ಲ.

ನೀನು ಬಿಡಿಸಿಯೇ ಬರೆದಿದ್ದೆ. ನಾನು ಓದಿದ್ದು ನನ್ನ ಕನ್ನಡಕದಲ್ಲಿ. ನಮ್ಮ ಕ್ಲಬ್ಬಿನಲ್ಲಿ ಒಬ್ಬ ತನ್ನ ಬಗ್ಗೆ ಬಾಯಿ ಬಿಡದಿದ್ದರೆ ಪಕ್ಕದಲ್ಲಿ ಕೂತವನು ಎದ್ದು ಹೇಳುತ್ತಾನೆ. ಹೇಳದಿದ್ದರೆ ಅವನೆಂಥ ನೆಂಟ ಎನ್ನುತ್ತಾರೆ. ಲಂಡನ್ನಿನಲ್ಲಿ ಹೇಳಿದವನೇ ಕೆಡಿಸಿದವನಾಗುತ್ತಾನೆ ಎಂಬುದು ನನಗೆ ಹೊಳೆಯಲಿಲ್ಲ. ಇನ್ನೂ ಮಾರದೆ ಉಳಿದ ರೆಕಾರ್ಡುಗಳಲ್ಲಿ ಆ ಸಾಲಿನ ಮೇಲೆ ಕಾಗದ ಅಂಟಿಸಿ ಎಂದು ಹಲ್‌ಗೆ ಹೇಳಿದ್ದೇನೆ. ಹೋದವು ಹೋದವು. ಅವನ್ನು ಹೇಗೆ ತರಲಿ?

ನಿನ್ನ ಕಾಗದದಲ್ಲಿ ಒಂದು ಮಾತು ಮಾತ್ರ ಸರಿಯಿಲ್ಲ. ಎರಡು ಗಟ್ಟಿ ಕೈ ಎಂದು ಬರೆದಿದ್ದೀಯಲ್ಲ, ಅದು.

ಎಡಗೈಯ ಉಂಗುರದ ಬೆರಳು, ಕಿರುಬೆರಳು ಮಡಚುವುದಿಲ್ಲ. ಹೋದ ಚಳಿಗಾಲದಿಂದ. ಇಷ್ಟು ವರ್ಷ ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನು ಸೀಳಿದ ಮೇಲೆ ಇನ್ನೇನಾಗುತ್ತದೆ ಎಂದರು ಡಾಕ್ಟರು. ಎನಿಡ್ ಬೆಳಗ್ಗೆ ಬಿಸಿನೀರಲ್ಲಿ ಇಟ್ಟು ತಿಕ್ಕುತ್ತಾಳೆ. ಏನೂ ಆಗುವುದಿಲ್ಲ, ಆದರೆ ಅವಳಿಗೂ ನನಗೂ ಮಾತಾಡಲು ಒಂದಿಷ್ಟು ಹೊತ್ತು ಸಿಗುತ್ತದೆ. ಆರ್ನಲ್ಡನ ಆಸೆ ಎಂದು ಬರೆದೆನಲ್ಲ, ಅಂಥ ಆಸೆ ಅವನಿಗೆ ಯಾವತ್ತೂ ಇರಲಿಲ್ಲ. ಸಮುದ್ರದ ಹಾಡನ್ನು ಹಲ್‌ನಲ್ಲಿ ಮತ್ತೆ ಮತ್ತೆ ಹಿಡಿದೆ, ಕೈ ಬರಲಿಲ್ಲ. ಎಲ್ಲರೂ ಗೋಡೆ ನೋಡುತ್ತ ನಿಂತರು. ಆಗ ಆರ್ನಲ್ಡ್ ಆ ರಾಗವನ್ನು ತಾನು ಎತ್ತಿಕೊಂಡ.

ಆ ಮೇಲೆಯೇ ನಿನ್ನ ಪತ್ರ ತೆಗೆದು ಓದಿದ್ದು. ಯಾರಾದರೂ ನಗಲಿ ಎಂದು. ನಿಮ್ಮನ್ನು ಅಣಕಿಸಬೇಕೆಂದೇ ಶುರು ಮಾಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮೂರು ಹಿಡಿತಕ್ಕೆ ಎರಡು ಬೆರಳು ಸಾಕು, ಲೊರೇನ್. ಎರಡನೆಯ ಸುತ್ತಿಗೆ ಬಂದಾಗ ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ. ಕೈ ಹೇಳಿದಂತೆ ಕೇಳುತ್ತಿತ್ತು, ಅಷ್ಟೇ. ನಿಲ್ಲಿಸಲು ಮನಸ್ಸೇ ಬರಲಿಲ್ಲ. ರೇಡಿಯೋದವರು ಅದನ್ನು ಹಾಕಿದಾಗಲೆಲ್ಲ ಊರು ನಗುತ್ತದೆ. ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ.

ಶುಕ್ರವಾರ ಹೇಗೆ ನುಡಿಸಬೇಕೆಂದು ಹೇಳಲು ನಾನು ಯಾರು? ಕೇಳಬೇಡ. ಏನಾಯಿತೆಂದು ಮಾತ್ರ ಬರಿ. ಬರೆಯದಿದ್ದರೆ ನಾನು ಬೈದುಕೊಳ್ಳುವುದು ನನ್ನನ್ನೇ.

ಸಿರಿಲ್


ಡೆಪ್ಟ್‌ಫೋರ್ಡ್
೧೪ ಮೇ ೧೯೭೮

ದೊಡ್ಡಪ್ಪ,

ಯಾಕೆ ಹೇಳಲಿಲ್ಲ? ಬರೆದೆ, ಹರಿದೆ, ಮತ್ತೆ ಬರೆದೆ. ಬೆರಳ ಮಾತು ಆಮೇಲೆ ಮಾತಾಡೋಣ. ಮೊದಲು ಶುಕ್ರವಾರ.

ಕಾರ್ಯಕ್ರಮದ ಅರ್ಧಕ್ಕೆ ಜೂಲಿಯನ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಮೈಕಿನಲ್ಲಿ, "ಮಹಾಜನಗಳೇ, ನಮ್ಮ ಕಪ್ ರಾಣಿ ಈಗ ಕಪ್ ಗೆದ್ದ ಹಾಡನ್ನ ನುಡಿಸ್ತಾಳೆ. ಎಲ್ಲ ಕೈ ಕಟ್ಕೊಂಡ್ ಕೂತ್ಕೊಳಿ!" ಎಂದ. ಕೂಗಾಟ, ಸಿಳ್ಳೆ. ನನ್ನ ಹತ್ತಿರ ಬಂದು ಮೆಲ್ಲಗೆ, "ಕೆಡಿಸು. ಚೆನ್ನಾಗಿ ಕೆಡಿಸಿದ್ರೆ ಮರೆತ್ಬಿಡ್ತೀವಿ" ಎಂದ. ಅವನು ಕೆಟ್ಟವನಲ್ಲ, ದೊಡ್ಡಪ್ಪ. ನನ್ನನ್ನು ಉಳಿಸಿಕೊಳ್ಳಲು ಅವನಿಗೆ ಹೊಳೆದ ದಾರಿ ಅದು. ಎರಡು ಸ್ವರ ತಪ್ಪಿಸಿದ್ದರೆ ಸಾಕಿತ್ತು, ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ನಾನು ಇವತ್ತೂ ಡಿಶ್‌ಕ್ಲಾತ್ಸ್‌ನಲ್ಲಿ ಇರುತ್ತಿದ್ದೆ.

ನಾನು ಬೆನ್ನು ತಿರುಗಿಸಿ ಶ್ರುತಿ ಮಾಡಿಕೊಂಡೆ. ಅಷ್ಟು ಜನರ ಎದುರಿಗೆ! ಅವರು ಅಬ್ಬರಿಸಿದರು ನೋಡು, ಕಟ್ಟಡ ಬಿದ್ದಂತೆ. "ಪಿಯಾನೋ ತರ್ಲಾ ಅಮ್ಮಾ?" "ಮುಗೀತಾ, ಮನೆಗೆ ಹೋಗಿ ಬರ್ಲಾ?" ಆಮೇಲೆ ಸಮುದ್ರದ ಹಾಡು ಎತ್ತಿದೆ. ನೀನು ನುಡಿಸುವ ಹಾಗಲ್ಲ, ನಾವು ಇಲ್ಲಿ ಓಡುವ ವೇಗದಲ್ಲಿ. ಆದರೆ ಒಂದು ಸ್ವರವನ್ನೂ ಬಿಡಲಿಲ್ಲ. ಬೆವ್ ಒಂದು ಗಳಿಗೆ ಬಾಯಿ ಬಿಟ್ಟು ನೋಡಿದಳು, ಆಮೇಲೆ ಹಿಂದಿನಿಂದ ಗುಡುಗಿಕೊಂಡು ಬಂದಳು. ಜನ ಹಾರತೊಡಗಿದರು. ಉಗುಳಿದರು. ಎಷ್ಟು ಎಂದರೆ ಕೈ ಜಾರುತ್ತಿತ್ತು. ಜೂಲಿಯನ್‌ಗೆ ಹಾಡಲು ಏನೂ ಇರಲಿಲ್ಲ. ಮೈಕು ಹಿಡಿದು ಸ್ವಲ್ಪ ಹೊತ್ತು ನಿಂತ, ಆಮೇಲೆ ವೇದಿಕೆಯ ಅಂಚಿನಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಂಡ.

ಮುಗಿದ ಮೇಲೆ, "ಚೆನ್ನಾಗಿತ್ತು. ಆದ್ರೆ ನೀನು ನಮ್ಮೋಳಲ್ಲ" ಎಂದ. ನನ್ನನ್ನು ತೆಗೆದಿದ್ದಾರೆ. ಅತ್ತುಬಿಟ್ಟೆ. ಈಗಲೂ ಅಳು ಬರುತ್ತಿದೆ, ಇದನ್ನು ಬರೆಯುವಾಗಲೂ. ಬೆವ್ ತನ್ನ ಡ್ರಮ್ಮುಗಳನ್ನೂ ಇಳಿಸಿಕೊಂಡು ನನ್ನ ಜೊತೆ ಹೊರಗೆ ಬಂದಳು. "ನಂಗೆ ಅವನ ಕೂಗಾಟ ಸಾಕಾಗಿತ್ತು ಕಣೇ" ಎಂದಳು.

ಪಬ್‌ನ ಮಹಡಿಯಲ್ಲಿ ೨೭ನೇ ತಾರೀಕು, ಶನಿವಾರ, ಬೆವ್ ಹೆಸರಿನಲ್ಲಿ ಜಾಗ ಸಿಕ್ಕಿದೆ. ನಮ್ಮಿಬ್ಬರ ಹತ್ತಿರ ಹಾಡುವವರಿಲ್ಲ, ಬೇಡ. ನಾನು ರಾಗ ಹಿಡಿದರೆ ಹಿಂದೆ ಹಿಡಿತ ಹಾಕಲು ಒಬ್ಬರು ಬೇಕು. ಜಾಹೀರಾತು ಬರೆಯುತ್ತೇನೆಂದು ಬೆವ್ ಪೆನ್ಸಿಲ್ ಹುಡುಕುತ್ತಿದ್ದಳು. ತಡಿ ಎಂದೆ.

ಮೂರೇ ಹಿಡಿತ. ಎರಡು ಬೆರಳು ಸಾಕು ಎಂದು ನೀನೇ ಬರೆದಿದ್ದೀಯ. ತಮಾಷೆಗಲ್ಲ. ಬರುತ್ತೀಯಾ?

ಲೊರೇನ್


ಗ್ರಿಮ್ಸ್‌ಬಿ
೧೭ ಮೇ ೧೯೭೮

ಪ್ರೀತಿಯ ಲೊರೇನ್,

ಬರುತ್ತೇನೆ. ೨೬ರ ಶುಕ್ರವಾರದ ಬಸ್ಸಿಗೆ ಸೀಟು ಹಿಡಿದಿದ್ದೇನೆ. ಗಿಟಾರ್ ಪಕ್ಕದಲ್ಲೇ ಇರುತ್ತದೆ, ಆಂಪ್ಲಿಫೈಯರನ್ನು ಸಾಮಾನಿನ ಗೂಡಿಗೆ ಹಾಕಲು ಡ್ರೈವರ್ ಒಪ್ಪಿದ್ದಾನೆ. ಅವನ ಮಗಳು ಪಚಕ್ ಎನ್ನುವ ಜಾತಿಯವಳಂತೆ.

ಕ್ಲಬ್ಬಿಗೆ ಆ ಶನಿವಾರ ನಾನಿರುವುದಿಲ್ಲ ಎಂದು ಡೌಸನಿಗೆ ಹೇಳಿದೆ.

"ಎಲ್ಲಿಗೆ?"

"ಲಂಡನ್‌ಗೆ. ಉಗುಳಿಸ್ಕೊಳ್ಳೋದಕ್ಕೆ."

"ಅದಕ್ಕೆ ಅಷ್ಟು ದೂರ ಯಾಕಯ್ಯ? ಒಂದು ಮಾತು ಹೇಳಿದ್ರೆ ಇಲ್ಲೇ ಉಗುಳ್ತಿರ್ಲಿಲ್ವಾ?"

ನಕ್ಕೆವು. ಆಮೇಲೆ ಅವನು ನನ್ನ ಎಡಗೈ ಹಿಡಿದು ನೋಡಿ, ಬಾರಿನ ಕಡೆ ನಡೆದುಬಿಟ್ಟ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತಂತೆ, ಯಾರೂ ಹೇಳಿರಲಿಲ್ಲ, ಅಷ್ಟೇ.

ಎನಿಡ್ ನನಗೊಂದು ಮಳೆಕೋಟು ತಂದಿದ್ದಾಳೆ, ಕುತ್ತಿಗೆವರೆಗೆ ಗುಂಡಿ ಇರುವುದು. ಹಾಕಿಕೊಳ್ಳುವುದಿಲ್ಲ ಎಂದರೆ ಜಗಳ.

ನನಗೆ ಭಯವಾಗಿದೆ, ಮುಚ್ಚಿಡುವುದಿಲ್ಲ. ದಿನವೂ ರೇಡಿಯೋ ಜೋರಾಗಿ ಹಾಕಿ, ಬರುವುದೆಲ್ಲದರ ಜೊತೆಗೂ ಹಿಡಿತ ಹಾಕುತ್ತೇನೆ. ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಅರ್ಧದವರೆಗೆ ಸರಿ ಹೋಗುತ್ತೇನೆ, ಆಮೇಲೆ ಹಿಂದೆ ಬೀಳುತ್ತೇನೆ. ನಿನ್ನ ಆ ಬೆವ್‌ಗೆ ಒಂದು ಮಾತು ಹೇಳು. ಮುದುಕ ಅಂತ ನನಗೋಸ್ಕರ ನಿಧಾನ ಮಾಡಬಾರದು, ಡ್ರಮ್ಮಿನ ಒಂದು ಏಟಿನಷ್ಟೂ ಮಾಡಬಾರದು. ಹಿಂದೆ ಬಿದ್ದರೆ ನಾನೇ ಓಡಿ ಬಂದು ಸೇರಿಕೊಳ್ಳುತ್ತೇನೆ.

ದೊಡ್ಡಪ್ಪ